ಹಣ್ಣು ಆರಿಸಿದ ಪುನುಗು ಬೆಕ್ಕು

ಕಾಫಿ ತೋಟದ ಪುನುಗು ಬೆಕ್ಕೊಂದು ಚೆನ್ನಾಗಿ ಮಾಗಿದ ಹಣ್ಣನ್ನಷ್ಟೇ ಮೂಸಿ ಆರಿಸಿ ತಿನ್ನುತ್ತಿತ್ತು. ಅದರ ಹಿಕ್ಕೆಯಲ್ಲಿ ಸಿಕ್ಕ ಬೀಜದ ಕಾಫಿ ಬಲು ರುಚಿಯೆಂದು ತಿಳಿದ ತೋಟದ ಒಡೆಯ ಕುಟ್ಟಪ್ಪ ಅದನ್ನು ಹಿಡಿದು ಬೋನಿಗೆ ಹಾಕಿದ. ದಿನವೂ ಕಾಯಿ, ಹಣ್ಣು, ಕೊಳೆತದ್ದು ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ತುಂಬಿ ಇಟ್ಟ. ಬೇರೇನೂ ಸಿಗದೆ ಬೆಕ್ಕು ಎಲ್ಲವನ್ನೂ ತಿಂದಿತು.

ಒಂದು ಸಂಜೆ ಕಾಡಿನ ಪುನುಗೊಂದು ಬಂದು ಬೋನಿನೊಳಗೆ ಇಣುಕಿತು.

"ಏನಣ್ಣ, ಹಸಿರು ಕಾಯಿಯನ್ನೂ ಬಿಡುವುದಿಲ್ಲವೇ? ನಮ್ಮ ಕುಲದಲ್ಲಿ ಹೀಗೆ ತಿಂದವರುಂಟೇ?"

"ಒಡೆಯರು ನನ್ನ ಆಯ್ಕೆಯನ್ನು ಮೆಚ್ಚಿ ಇಲ್ಲಿಟ್ಟಿದ್ದಾರೆ, ತಮ್ಮ. ಆದರೆ ಆರಿಸಲು ಬಿಡುವುದಿಲ್ಲ. ನನಗೊಂದೂ ಅರ್ಥವಾಗುತ್ತಿಲ್ಲ."

"ಹಾಗಾದರೆ ಅವರು ಮೆಚ್ಚಿದ್ದನ್ನೇ ಮಾಡಿ ತೋರಿಸು."

ಮರುದಿನದಿಂದ ಬೆಕ್ಕು ಬುಟ್ಟಿಯನ್ನೆಲ್ಲ ಮೂಸಿ, ಮಾಗಿದ ನಾಲ್ಕು ಹಣ್ಣು ತಿಂದು ಉಳಿದದ್ದನ್ನು ಬಿಟ್ಟಿತು. ಕುಟ್ಟಪ್ಪ ಗೊಣಗಿದ: "ಇದಕ್ಕೆ ಕೊಬ್ಬು. ಆರಿಸಿಕೊಂಡು ತಿನ್ನುವ ಬೆಕ್ಕನ್ನು ಸಾಕಿ ನಾನೇನು ಮಾಡಲಿ?" ಬಾಗಿಲು ತೆರೆದು ಅದನ್ನು ಹೊರಗಟ್ಟಿದ.

ಬೆಕ್ಕು ಬೇಲಿಯ ಬಳಿ ಕಾದಿದ್ದ ಕಾಡಿನ ಪುನುಗಿನ ಮುಂದೆ ನಿಂತುಬಿಟ್ಟಿತು. "ಯಾವ ಗುಣಕ್ಕೆ ಹಿಡಿದರೋ ಅದೇ ಗುಣಕ್ಕೆ ಓಡಿಸಿದರು. ಇದೇನು ನ್ಯಾಯ, ತಮ್ಮ?"

"ಅದನ್ನು ಕಾಡಿಗೆ ಹೋಗಿ ಯೋಚಿಸು, ಅಣ್ಣ," ಎಂದಿತು ಕಾಡಿನ ಪುನುಗು. "ಒಡೆಯನಿಗೂ ಅದು ಅರ್ಥವಾಗುವ ಮೊದಲು ನಡೆ."