ಮೂರು ಹಿಡಿ ಬೆಲ್ಲ

"ಬುದ್ಧಿ, ಹಿಂದಿನವರು ಅಡುಗೆಯ ಅಳತೆಯನ್ನು ನೆಟ್ಟಗೆ ಹೇಳದೆ ಹಿಡಿ, ಬೊಗಸೆ, ಚಿಟಿಕೆ ಎಂದು ಹೇಳಿ ಹೋದರಲ್ಲ, ಅವರಿಗೆ ಕಲಿಸುವ ಮನಸ್ಸೇ ಇರಲಿಲ್ಲವೇ?"

ಗುರುಗಳನ್ನು ಹೀಗೆ ಕೇಳಿದವನು ಮಠದ ಕಿರಿಯ ಶಿಷ್ಯ, ಮರಿ. ಅಡುಗೆಯ ಕೊಟ್ರಯ್ಯ ತೀರಿಕೊಂಡ ಮೇಲೆ ಸೌಟು ಅವನ ಕೈಗೆ ಬಂದಿತ್ತು. ಕೊಟ್ರಯ್ಯ ಸಾರಿನ ಕೊಪ್ಪರಿಗೆಗೆ ಮೂರು ಹಿಡಿ ಉಪ್ಪು ಹಾಕುವುದನ್ನು ಅವನು ಕಣ್ಣಾರೆ ಕಂಡಿದ್ದ. ಕೊನೆಗಾಲದಲ್ಲಿ ಮಾತ್ರ ಕೊಟ್ರಯ್ಯ ಎರಡು ಹಿಡಿ ಎಂದು ಹೇಳಿ ಕಣ್ಣು ಮುಚ್ಚಿದ. ಮರಿ ನಂಬಲಿಲ್ಲ, ಮೂರು ಹಾಕಿದ. ಆ ಮಧ್ಯಾಹ್ನ ಸಾರು ಬರೀ ಉಪ್ಪಾಗಿ ಪಂಕ್ತಿಯಲ್ಲಿ ಯಾರೂ ಉಣ್ಣಲಿಲ್ಲ. ಹೆಚ್ಚಾದ ಉಪ್ಪನ್ನು ಎಳೆದುಕೊಳ್ಳುವ ಏನೋ ಒಂದನ್ನು ಮುದುಕ ಗುಟ್ಟಾಗಿಟ್ಟುಕೊಂಡೇ ಹೋದ ಎಂಬುದು ಮರಿಯ ದೂರು.

ಗುರುಗಳು ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೂರು, ಹೇಳುತ್ತೇನೆ" ಎಂದರು.

ಒಬ್ಬ ಕುಂಬಾರನಿದ್ದ. ಹೆಂಡತಿ ಸತ್ತ ಮೇಲೆ ಅವನಿಗೆ ಅನ್ನ ಸೇರದಾಯಿತು. ದಿನದಿಂದ ದಿನಕ್ಕೆ ಸೊರಗಿದ. ಅವಳು ಮಾಡುತ್ತಿದ್ದಂಥ ತಂಬಿಟ್ಟು ಸಿಕ್ಕಿದ್ದರೆ ತಿನ್ನುತ್ತಿದ್ದೆ ಎಂದು ಒಂದು ದಿನ ಬಾಯಿಬಿಟ್ಟ. ಸೊಸೆಗೆ ಹೋದ ಜೀವ ಬಂದಂತಾಯಿತು. ಮಾವನನ್ನು ಉಳಿಸಿಕೊಳ್ಳಲು ಅವಳಿಗೆ ಅದೊಂದೇ ದಾರಿ.

ಸಾಯುವ ಮುಂಚೆ ಅತ್ತೆ ಅವಳಿಗೆ ಹೇಳಿಕೊಟ್ಟಿದ್ದಳು: ಒಂದು ಸೇರು ಹಿಟ್ಟಿಗೆ ಮೂರು ಹಿಡಿ ಬೆಲ್ಲ. ಆದರೆ ಅತ್ತೆ ನಾಲ್ಕು ಹಿಡಿ ಹಾಕುತ್ತಿದ್ದುದನ್ನು ಸೊಸೆ ಎಷ್ಟೋ ಹಬ್ಬಗಳಲ್ಲಿ ನೋಡಿದ್ದಳು. ಹೇಳಿದ್ದನ್ನು ಬಿಟ್ಟಳು, ಕಂಡದ್ದನ್ನು ಮಾಡಿದಳು. ಪಾಕ ಹೆಚ್ಚಾಗಿ ಉಂಡೆ ಕಲ್ಲಾಯಿತು. ಮಾವ ಕಚ್ಚಲಾರದೆ ತಟ್ಟೆ ಸರಿಸಿ ಮಲಗಿಬಿಟ್ಟ.

ಸೊಸೆಗೆ ಅಳುವೂ ಬಂತು, ಸಿಟ್ಟೂ ಬಂತು. ಅದೇ ಹೊತ್ತಿಗೆ ಬಳೆಗಾರ ಬಂದ. ಅವನು ಅವಳ ಕೈ ಮಡಿಸಿ ಬಳೆ ಏರಿಸುತ್ತಿರುವಾಗ ಅವಳು ತಡೆಯಲಾರದೆ ಅಂದಳು:

"ನಮ್ಮತ್ತೆ ಸಾಯುವಾಗಲೂ ಸುಳ್ಳು ಹೇಳಿ ಹೋದಳಪ್ಪ. ತಂಬಿಟ್ಟಿಗೆ ತಾನು ಹಾಕುತ್ತಿದ್ದದ್ದು ನಾಲ್ಕು ಹಿಡಿ ಬೆಲ್ಲ, ನನಗೆ ಹೇಳಿದ್ದು ಮೂರು. ಇನ್ನೇನೇನು ಮುಚ್ಚಿಟ್ಟಿದ್ದಳೋ!"

ಬಳೆಗಾರ ಅವಳ ಕೈ ಬಿಟ್ಟ.

"ಬಿಡ್ತು ಅನ್ನು ತಾಯಿ. ಆ ಮೂರು ಹೇಳಿದವನು ನಾನು. ಹೋದ ಸಲ ನಿನಗೆ ಬಳೆ ತೊಡಿಸುವಾಗ ನಿಮ್ಮತ್ತೆ ಪಕ್ಕದಲ್ಲೇ ಕೂತು ನಿನ್ನ ಮುಷ್ಟಿಯನ್ನೇ ನೋಡುತ್ತಿದ್ದಳು. ಅವಳದು ಪುಟ್ಟ ಕೈ, ಹುಡುಗಿಯರ ಬಳೆಯೇ ಹಿಡಿಸುತ್ತಿತ್ತು. ನಿನ್ನದು ಅಗಲ. ನೀನು ಒಳಗೆ ಹೋದ ಮೇಲೆ ಕೇಳಿದಳು, 'ನನ್ನ ನಾಲ್ಕು ಹಿಡಿ ಇವಳ ಕೈಗೆ ಎಷ್ಟಾದೀತಪ್ಪ? ನಾನು ಹೋದ ಮೇಲೆ ಮಗು ಒದ್ದಾಡಬಾರದು' ಅಂತ. ಇಬ್ಬರ ಕೈಯನ್ನೂ ಬಲ್ಲವನು, ಮೂರು ಅಂದೆ."

ಸೊಸೆ ಅಲ್ಲೇ ಕೂತು ಗೋಳೋ ಎಂದು ಅತ್ತಳು. "ಅಯ್ಯೋ ನನ್ನವ್ವಾ, ನಿನ್ನನ್ನು ಏನೆಂದುಕೊಂಡುಬಿಟ್ಟೆ!" ಎಂದಳು. ಎದ್ದು ಕೈತೊಳೆದು ಮೂರೇ ಹಿಡಿ ಬೆಲ್ಲ ಹಾಕಿದಳು. ಮಾವ ಒಂದು ಉಂಡೆ ತಿಂದ, ಇನ್ನೊಂದಕ್ಕೆ ಕೈ ಚಾಚಿದ. ಅತ್ತೆಯ ಹೆಸರಿಗೆ ಒಂದನ್ನು ಎತ್ತಿಟ್ಟು ಸೊಸೆ ಕೈಮುಗಿದಳು.

ಗುರುಗಳು ಕತೆ ನಿಲ್ಲಿಸಿದರು. ಮರಿ ತನ್ನ ಅಂಗೈ ನೋಡಿಕೊಂಡ. "ಹಾಗಾದರೆ ಕೊಟ್ರಯ್ಯ..." ಎಂದು ತಡವರಿಸಿದ.

"ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿ ಅವನು ಕೇಳಿದ್ದು ಒಂದೇ ಮಾತು: 'ಬುದ್ಧಿ, ನಮ್ಮ ಮರಿಯ ಕೈ ನನ್ನದಕ್ಕಿಂತ ದೊಡ್ಡದು, ಅಲ್ಲವೇ?'"