ಎಡಬಾಗಿಲಿನ ಸದ್ದು

"ಬುದ್ಧಿ, ಜಪ ಹೆಚ್ಚಿಸಿದಷ್ಟೂ ಒಳಗೆ ಬರಿದಾಗುತ್ತಿದೆ. ಇನ್ನೆಷ್ಟು ಹೆಚ್ಚಿಸಿದರೆ ತುಂಬೀತು?"

ಹೀಗೆ ಕೇಳಿದವನು ಅಡವೀಶನೆಂಬ ಶಿಷ್ಯ. ಹೆದ್ದಾರಿಯ ಪಕ್ಕದ ಒಂದು ಚಿಕ್ಕ ಮಠದಲ್ಲಿ ಅವನು ಗುರುಗಳ ಬಳಿ ಇದ್ದ. ಮೊದಲು ಅವನು ಬೆಳಿಗ್ಗೆ ಮಾತ್ರ ಜಪಕ್ಕೆ ಕೂರುತ್ತಿದ್ದ. ಆಮೇಲೆ ಮಧ್ಯಾಹ್ನವೂ ಕೂರತೊಡಗಿದ. ಈಗ ಹೊರಗಿನ ಸದ್ದು ಒಳಗೆ ಬಾರದಿರಲೆಂದು ಕೋಣೆಯ ಬಾಗಿಲು ಹಾಕಿಕೊಂಡು, ಗಟ್ಟಿ ದನಿಯಲ್ಲಿ, ದಿನವಿಡೀ ಜಪ ಮಾಡುತ್ತಿದ್ದ. ಮಠದ ಅಡುಗೆ ನೋಡಿಕೊಳ್ಳುವ ಕೊಟ್ರಜ್ಜ ಊಟದ ಹೊತ್ತಿಗೆ ಬಂದು ಆ ಬಾಗಿಲು ತಟ್ಟುವುದು ರೂಢಿ. ಅಡವೀಶ ಏಳುತ್ತಿರಲಿಲ್ಲ. ಜಪ ಮುಗಿದ ಮೇಲೆ ತಾನೇ ಹೋಗಿ, ಮುಚ್ಚಿಟ್ಟ ತಟ್ಟೆಯಲ್ಲಿ ಆರಿದ್ದನ್ನು ಉಣ್ಣುತ್ತಿದ್ದ.

ಗುರುಗಳು ಹೆದ್ದಾರಿಯ ಕಡೆ ಕಿವಿಗೊಟ್ಟರು. ಹೆದ್ದಾರಿಯಲ್ಲಿ ಒಂದು ಲಾರಿ ಹಾಡು ಹಾಕಿಕೊಂಡು ಹೋಗುತ್ತಿತ್ತು. ಹಾಡಿನ ಮಾತು ಮಠದವರೆಗೆ ಬರಲಿಲ್ಲ. ಅದರ ತಳದ ಗುದ್ದು ಮಾತ್ರ ನೆಲದಲ್ಲಿ ಬಂತು. ಅದು ದೂರವಾಗುವವರೆಗೆ ಕಾದು, ಗುರುಗಳು ಈ ಕತೆ ಹೇಳಿದರು.

ಒಬ್ಬ ಲಾರಿ ಚಾಲಕನಿದ್ದ. ಹತ್ತಿಯ ಅಂಡಿಗೆಗಳನ್ನು ಗಿರಣಿಯಿಂದ ಗಿರಣಿಗೆ ಸಾಗಿಸುವುದು ಅವನ ಕೆಲಸ. ಅಂಡಿಗೆ ಎಂದರೆ ಹತ್ತಿಯನ್ನು ಯಂತ್ರದಲ್ಲಿ ಒತ್ತಿ ಬಿಗಿದ ದೊಡ್ಡ ಮೂಟೆ. ಅವನ ಜೊತೆ ಒಬ್ಬ ಕ್ಲೀನರ್ ಇದ್ದ. ಕ್ಲೀನರ್ ಎಂದರೆ ಲಾರಿ ತೊಳೆಯುವವನು ಎಂದಷ್ಟೇ ತಿಳಿಯಬೇಡ. ಹಗ್ಗ ಬಿಗಿಯುವವನು ಅವನೇ, ಚಕ್ರಕ್ಕೆ ಕಲ್ಲು ಕೊಡುವವನು ಅವನೇ, ಚಾಲಕನಿಗೆ ತೂಕಡಿಕೆ ಬಂದಾಗ ಮಾತಾಡಿಸುವವನೂ ಅವನೇ. ಈ ಕ್ಲೀನರ್ ಚಾಲಕನಿಗಿಂತ ವಯಸ್ಸಿನಲ್ಲಿ ದೊಡ್ಡವನು. ಗಡ್ಡ ನೆರೆತಿತ್ತು. ಚಾಲಕ ಅವನನ್ನು ಚಾಚಾ ಎಂದು ಕರೆಯುತ್ತಿದ್ದ.

ಲಾರಿಯವರಲ್ಲಿ ಒಂದು ಪದ್ಧತಿ ಇದೆ. ಅದು ಗೊತ್ತಿಲ್ಲದಿದ್ದರೆ ಈ ಕತೆ ತಿಳಿಯುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಚಾಲಕ ಕೂರುವುದು ಬಲಕ್ಕೆ. ಲಾರಿಯ ಎಡಪಕ್ಕ ಅವನಿಗೆ ಸರಿಯಾಗಿ ಕಾಣುವುದಿಲ್ಲ. ಕನ್ನಡಿ ಇರುತ್ತದೆ, ಆದರೆ ಮೂಟೆ ಹೊರಗೆ ಚಾಚಿಕೊಂಡಿದ್ದರೆ ಕನ್ನಡಿಯಲ್ಲಿ ಮೂಟೆ ಮಾತ್ರ ಕಾಣುತ್ತದೆ. ಹೀಗಾಗಿ ಎಡಪಕ್ಕ ಕ್ಲೀನರನ ಪಾಲು. ಅವನು ಎಡಬಾಗಿಲ ಕಿಟಕಿಯಿಂದ ಬಾಗಿ, ಇಲ್ಲವೇ ಕೆಳಗಿಳಿದು ನಿಂತು, ನೋಡುತ್ತಾನೆ. ನೋಡಿ, ಅಂಗೈಯಿಂದ ಬಾಗಿಲ ತಗಡಿಗೆ ಹೊಡೆಯುತ್ತಾನೆ. ಒಂದು ಪೆಟ್ಟು ಎಂದರೆ ನಿಲ್ಲಿಸು. ಎರಡು ಪೆಟ್ಟು ಎಂದರೆ ದಾರಿ ಇದೆ, ಬಿಡು. ಕೂಗುವುದಿಲ್ಲ. ಎಂಜಿನ್ ಸದ್ದಿನಲ್ಲಿ ಕೂಗು ಕೇಳುವುದಿಲ್ಲ. ಅಂಗೈ ಪೆಟ್ಟು ಬಾಗಿಲಿನಿಂದ ನೆಲಕ್ಕೆ, ನೆಲದಿಂದ ಸೀಟಿಗೆ ಹಾದು, ಚಾಲಕನ ಬೆನ್ನಿಗೆ ತಾಗುತ್ತದೆ. ಅದನ್ನು ಕಿವಿಯಿಂದ ಕೇಳುವುದಕ್ಕಿಂತ ಮೈಯಿಂದ ಕೇಳುವುದೇ ಹೆಚ್ಚು.

ಈ ಇಬ್ಬರು ಹೀಗೆ ಬಹಳ ಕಾಲ ಲಾರಿ ಓಡಿಸಿದರು. ಹೆಚ್ಚು ಮಾತಾಡುತ್ತಿರಲಿಲ್ಲ. ಬಾಗಿಲ ಪೆಟ್ಟುಗಳೇ ಅವರ ಮಾತು.

ಒಮ್ಮೆ ಚಾಲಕ ತನ್ನ ಕ್ಯಾಬಿನ್ನಿಗೆ ಹಾಡಿನ ಪೆಟ್ಟಿಗೆ ಕೂರಿಸಿದ. ಚಿಕ್ಕ ಸ್ಪೀಕರುಗಳ ಜೊತೆ ಒಂದು ಸಬ್‌ವೂಫರನ್ನೂ ಹಾಕಿಸಿದ. ಸಬ್‌ವೂಫರ್ ಎಂದರೆ ಬೇಸ್ ಕೊಡುವ ದೊಡ್ಡ ಸ್ಪೀಕರು. ಬೇಸ್ ಎಂದರೆ ಹಾಡಿನ ತಳದ ಸದ್ದು. ಹತ್ತಿರದಲ್ಲಿ ಡೊಳ್ಳು ಬಾರಿಸಿದರೆ ಎದೆಯೊಳಗೆ ಗುದ್ದಿದಂತಾಗುತ್ತದಲ್ಲ, ಅದು. ಚಾಚಾನಿಗೂ ಮೊದಲು ಅದು ಹಿಡಿಸಿತು. ತಾಳಕ್ಕೆ ಮೊಣಕಾಲು ತಟ್ಟುತ್ತ ಕೂತಿರುತ್ತಿದ್ದ. ಆದರೆ ಚಾಲಕ ಸದ್ದನ್ನು ದಿನದಿನಕ್ಕೆ ಏರಿಸಿದ. ಬೇಸ್ ಕೂಡ ಸೀಟಿನಲ್ಲೇ ಬರುತ್ತದೆ, ಅಂಗೈ ಪೆಟ್ಟೂ ಸೀಟಿನಲ್ಲೇ ಬರುತ್ತದೆ. ಯಾವುದು ಹಾಡು, ಯಾವುದು ಕೈ ಎಂಬುದು ಗೊತ್ತಾಗದಂತಾಯಿತು. ಚಾಚಾ ಜೋರಾಗಿ ಹೊಡೆಯತೊಡಗಿದ. ಚಾಲಕ ಅದನ್ನು ಗಮನಿಸಲಿಲ್ಲ.

ಒಂದು ಗಿರಣಿಯ ಅಂಗಳದಲ್ಲಿ ಲಾರಿಯನ್ನು ಹಿಂದಕ್ಕೆ ತೆಗೆಯಬೇಕಾಗಿತ್ತು. ಚಾಚಾ ಎಡಕ್ಕೆ ಇಳಿದು, ಲಾರಿಗೂ ಗೋಡೆಗೂ ನಡುವೆ ನಿಂತಿದ್ದ. ಜಾಗ ಕಿರಿದಾಯಿತು. ನಿಲ್ಲಿಸೆಂದು ಒಂದು ಪೆಟ್ಟು ಹೊಡೆದ. ಲಾರಿ ನಿಲ್ಲಲಿಲ್ಲ. ಮತ್ತೆ ಹೊಡೆದ. ಹಾಡು ಮುಂದುವರಿಯಿತು, ಲಾರಿಯೂ ಮುಂದುವರಿಯಿತು. ಚಾಚಾ ನೆಲಕ್ಕೆ ಬಿದ್ದು, ಲಾರಿಯ ಅಡಿಯಿಂದ ಆಚೆಗೆ ತೆವಳಿ ಬದುಕಿಕೊಂಡ. ಲಾರಿಯ ಮೂಲೆ ಗೋಡೆಗೆ ತಾಗಿದಾಗಲೇ ಚಾಲಕ ನಿಲ್ಲಿಸಿದ್ದು.

ಅವನು ಇಳಿದು ಬಂದಾಗ ಚಾಚಾ ಎದ್ದು ಬಟ್ಟೆಯ ಧೂಳು ಕೊಡವಿಕೊಳ್ಳುತ್ತಿದ್ದ.

"ಯಾಕೆ ಚಾಚಾ, ಹೊಡೆಯೋದಲ್ವಾ?" ಎಂದ ಚಾಲಕ.

ಚಾಚಾ ಅಂಗೈ ತೋರಿಸಿದ. ಅದು ಕೆಂಪಗಾಗಿತ್ತು. "ಹೊಡೆದೆ. ನಿನ್ನ ಲಾರಿಗೆ ಕೈಯ ಕೆಲಸ ಮುಗೀತು ಬೇಟಾ. ಹಾಡಿನ ಕೈಲೇ ದಾರಿ ಕೇಳು."

ಇಷ್ಟು ಹೇಳಿ ತನ್ನ ಹೊದಿಕೆಯ ಗಂಟು ತೆಗೆದುಕೊಂಡು ಹೋದ. ಸಿಟ್ಟು ಇಳಿದ ಮೇಲೆ ಬರುತ್ತಾನೆ ಎಂದುಕೊಂಡ ಚಾಲಕ. ಚಾಚಾ ಬರಲಿಲ್ಲ. ಯಾವುದೋ ಊರ ಹೊರಗಿನ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಕೆಲಸಕ್ಕೆ ಸೇರಿದನೆಂದು ಆಮೇಲೆ ಸುದ್ದಿ ಬಂತು.

ಚಾಲಕ ಬೇರೆ ಕ್ಲೀನರನನ್ನು ಇಟ್ಟುಕೊಳ್ಳಲಿಲ್ಲ. ಒಬ್ಬನೇ ಓಡಿಸಿದ. ಹಿಂದಕ್ಕೆ ತೆಗೆಯುವಾಗ ತಾನೇ ಇಳಿದು, ಲಾರಿಯನ್ನು ಸುತ್ತಿ ಎಡಕ್ಕೆ ಬಂದು, ಗೋಡೆ ಎಷ್ಟು ದೂರವಿದೆ ಎಂದು ನೋಡುತ್ತಿದ್ದ. ಮತ್ತೆ ಸುತ್ತಿ ಹೋಗಿ, ಹತ್ತಿ, ಒಂದು ಮೊಳ ಹಿಂದಕ್ಕೆ ಬಿಡುತ್ತಿದ್ದ. ಮತ್ತೆ ಇಳಿಯುತ್ತಿದ್ದ. ಗಿರಣಿಯ ಹಮಾಲರು ಇದನ್ನು ಕಂಡು, ಅಣ್ಣ ಲಾರಿಗೆ ಪ್ರದಕ್ಷಿಣೆ ಹಾಕುತ್ತಿದ್ದಾನೆ, ಹರಕೆ ಇರಬೇಕು ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ಆಮೇಲೆ ಒಳಗೆ ಕೂತು ಹಾಡು ಹಾಕುತ್ತಿದ್ದ.

ಆದರೆ ಹಾಡಿನಲ್ಲಿ ಏನೋ ಕಡಿಮೆಯಾಗಿದೆ ಎಂದು ಅವನಿಗೆ ಅನಿಸತೊಡಗಿತು. ಬೇಸ್ ಸಾಲದು ಎಂದುಕೊಂಡ. ಬೇರೆ ಏನು ಸಾಲದಾಗಿರಬಹುದು ಎಂದು ಅವನಿಗೆ ಹೊಳೆಯಲಿಲ್ಲ. ತಾನೇ ಇನ್ನೊಂದು ಸಬ್‌ವೂಫರ್ ತಂದು, ಮೊದಲಿನದರ ಪಕ್ಕದಲ್ಲಿ ಕೂರಿಸಿದ. ಬೇಸ್ ಹೆಚ್ಚಲಿಲ್ಲ. ಮೊದಲಿದ್ದದ್ದೂ ಹೋಯಿತು. ಎರಡೂ ಸ್ಪೀಕರು ನಡುಗುತ್ತಿದ್ದವು, ಸದ್ದು ಮಾತ್ರ ಇಲ್ಲ. ಅವನು ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಒಳಗೆ ಏನೋ ಜೀವವಿದ್ದಂತೆ ಅದು ಅಲ್ಲಾಡುತ್ತಿತ್ತು. ಅವನಿಗೆ ಏನೂ ಹೇಳುತ್ತಿರಲಿಲ್ಲ.

ಕೊನೆಗೆ ಲಾರಿ ನಿಲ್ದಾಣದ ಒಬ್ಬ ಎಲೆಕ್ಟ್ರಿಷಿಯನ್ ಬಳಿ ಹೋದ. ಏನು ಖರ್ಚಾದರೂ ಸರಿ, ಬೇಸ್ ಬೇಕು, ಇದಿಲ್ಲದೆ ನನಗೆ ಕ್ಯಾಬಿನ್ನಿನಲ್ಲಿ ಕೂರಲು ಆಗುತ್ತಿಲ್ಲ, ಲಾರಿ ಮಾರಿಬಿಡೋಣ ಅನಿಸುತ್ತಿದೆ ಎಂದ. ಬೇಸ್ ಇಲ್ಲವೆಂದು ಲಾರಿ ಮಾರುವವನನ್ನು ಎಲೆಕ್ಟ್ರಿಷಿಯನ್ ಹಿಂದೆ ಕಂಡಿರಲಿಲ್ಲ. ಆದರೂ ಕೆಲಸಕ್ಕೆ ಕೂತ.

ಅವನು ಕಂಡುಹಿಡಿದ ತಪ್ಪುಗಳನ್ನೂ ಹೇಳುತ್ತೇನೆ, ಯಾಕೆಂದರೆ ಅವು ನಿಜವಾದ ತಪ್ಪುಗಳೇ. ಎರಡನೆಯ ಸ್ಪೀಕರಿನ ವೈರುಗಳು ಅದಲುಬದಲಾಗಿದ್ದವು. ಪ್ಲಸ್ ಇರುವಲ್ಲಿ ಮೈನಸ್ ಇತ್ತು. ಒಂದು ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ಎರಡೂ ದುಡಿಯುತ್ತಿದ್ದವು, ಒಂದರ ದುಡಿಮೆಯನ್ನು ಇನ್ನೊಂದು ಅಳಿಸುತ್ತಿತ್ತು. ಇದು ಒಂದು. ಲಾರಿಗೆ ಎರಡು ಬ್ಯಾಟರಿ ಇರುತ್ತವೆ. ಚಾಲಕ ಹಾಡಿಗೆ ಬೇಕಾದ ಕರೆಂಟನ್ನೆಲ್ಲ ಒಂದೇ ಬ್ಯಾಟರಿಯಿಂದ ಎಳೆದಿದ್ದ. ಜೋಡೆತ್ತಿನ ಗಾಡಿಯ ಭಾರವನ್ನೆಲ್ಲ ಒಂದೇ ಎತ್ತಿನ ಹೆಗಲಿಗೆ ಹಾಕಿದ್ದೀಯಲ್ಲೋ ಮಾರಾಯ, ಅದು ಮಲಗದೆ ಇನ್ನೇನು ಮಾಡೀತು ಎಂದು ಎಲೆಕ್ಟ್ರಿಷಿಯನ್ ಬೈದ. ಇನ್ನೂ ಒಂದಿತ್ತು. ಮಲಗುವ ಹಾಸಿಗೆಯನ್ನು ಸ್ಪೀಕರಿನ ಬಾಯಿಗೆ ಒತ್ತಿ ಇಟ್ಟಿದ್ದ. ಬಾಯಿಗೆ ಬಟ್ಟೆ ತುರುಕಿ ಹಾಡು ಎಂದರೆ ಯಾರು ಹಾಡುತ್ತಾರೆ?

ಎಲೆಕ್ಟ್ರಿಷಿಯನ್ ವೈರು ತಿರುಗಿಸಿದ. ಎರಡೂ ಬ್ಯಾಟರಿಗಳಿಂದ ಸಮನಾಗಿ ಕರೆಂಟ್ ಬರುವಂತೆ ಮಾಡಿದ. ಹಾಸಿಗೆ ಸರಿಸಿದ. ಪೆಟ್ಟಿಗೆಯ ಮೂಲೆಯಲ್ಲಿ ಗಾಳಿ ಸೋರುತ್ತಿದ್ದ ಬಿರುಕಿಗೆ ಅಂಟು ತುಂಬಿದ. ಆಮೇಲೆ ಹಾಡು ಹಾಕಿದ. ಗಾಜು ಅದುರಿತು. ಬಾಟಲಿಯ ನೀರಿನಲ್ಲಿ ಬಳೆಬಳೆಯಾಗಿ ಅಲೆಗಳು ಎದ್ದವು. ಪಕ್ಕದ ಲಾರಿಗಳ ಚಾಲಕರು ಎದ್ದು ಬಂದು, ನಮ್ಮ ನಟ್ಟು ಬೋಲ್ಟು ಬಿಚ್ಚಿಕೊಳ್ಳುತ್ತಿವೆ, ಬಿಲ್ಲು ನಿಮಗೇ ಕಳಿಸುತ್ತೇವೆ ಎಂದು ಹಾಸ್ಯ ಮಾಡಿದರು. ಎಲೆಕ್ಟ್ರಿಷಿಯನ್‌ಗೆ ತನ್ನ ಕೆಲಸದ ಮೇಲೆ ಹೆಮ್ಮೆಯಾಯಿತು.

ಚಾಲಕ ತನ್ನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದ. ಕೇಳಿ, ತಲೆ ಅಲ್ಲಾಡಿಸಿದ. ಇದಲ್ಲ ಎಂದ.

ಎಲೆಕ್ಟ್ರಿಷಿಯನ್ ಇನ್ನಷ್ಟು ಏರಿಸಿದ. ಇದಲ್ಲ. ಇಳಿಸಿದ. ಇದೂ ಅಲ್ಲ. ಹಾಡು ಬದಲಿಸಿದ. ಚಾಲಕ ಅದಕ್ಕೂ ಅದನ್ನೇ ಹೇಳಿದ. ಎಲೆಕ್ಟ್ರಿಷಿಯನ್‌ಗೆ ಬೇಸರವಾಯಿತು. ತನಗೆ ಗೊತ್ತಿದ್ದದ್ದೆಲ್ಲ ಮುಗಿದಿತ್ತು. ಹಾಡು ನಿಲ್ಲಿಸಿ, ಚಾಲಕನನ್ನು ಇಳಿಸಿ, ತಾನೇ ಅವನ ಸೀಟಿನಲ್ಲಿ ಕೂತ.

"ಅಣ್ಣಾ, ನಿಂಗೆ ಎಂಥ ಸದ್ದು ಬೇಕು? ಬಾಯಲ್ಲಿ ಹೇಳಬೇಡ. ಮಾಡಿ ತೋರಿಸು."

ಚಾಲಕ ಸ್ವಲ್ಪ ಯೋಚಿಸಿದ. ಆಮೇಲೆ ಲಾರಿಯ ಮುಂದಿನಿಂದ ಸುತ್ತಿ ಎಡಕ್ಕೆ ಹೋದ. ಕೈ ಎತ್ತಿ, ಎಡಬಾಗಿಲಿನ ತಗಡಿಗೆ ಅಂಗೈಯಿಂದ ಎರಡು ಬಾರಿ ಹೊಡೆದ. ಒಳಗೆ ಕೂತಿದ್ದ ಎಲೆಕ್ಟ್ರಿಷಿಯನ್‌ನ ಬೆನ್ನಿಗೆ ಅದು ತಾಗಿತು. ಅವನ ಕಾಲು ತಾನಾಗಿ ಕ್ಲಚ್ಚಿನ ಮೇಲೆ ಹೋಯಿತು. ಹಿಂದೆ ಅವನೂ ಲಾರಿ ಓಡಿಸಿದ್ದವನೇ.

"ಹೀಗೆ," ಎಂದ ಚಾಲಕ ಕಿಟಕಿಯಿಂದ. "ಸೀಟಿನಲ್ಲಿ ಹೀಗೆ ಬರಬೇಕು."

"ಇದು ಬೇಸ್ ಅಲ್ಲಣ್ಣ," ಎಂದ ಎಲೆಕ್ಟ್ರಿಷಿಯನ್. "ಇದು ಮನುಷ್ಯ."

ಚಾಲಕ ಕೈಯನ್ನು ಬಾಗಿಲ ಮೇಲಿಂದ ತೆಗೆಯಲಿಲ್ಲ. ತಾನು ಹೊಡೆದ ಜಾಗವನ್ನು ನೋಡಿದ. ಅಲ್ಲಿ ಬಣ್ಣ ಹೋಗಿ, ತಗಡು ಅಂಗೈಯಗಲ ಒಳಕ್ಕೆ ತಗ್ಗಿತ್ತು. ಎಷ್ಟೋ ವರ್ಷದಿಂದ ಇದ್ದ ತಗ್ಗು ಅದು. ಅವನು ಕೂರುತ್ತಿದ್ದುದು ಬಲಕ್ಕೆ. ಎಡಕ್ಕೆ ಸುತ್ತಿ ಬಂದಾಗಲೂ ಗೋಡೆಯನ್ನಷ್ಟೇ ನೋಡಿದ್ದ, ಈ ತಗ್ಗನ್ನು ಸರಿಯಾಗಿ ನೋಡಿರಲೇ ಇಲ್ಲ.

ಇಲ್ಲಿಗೆ ಗುರುಗಳು ಸ್ವಲ್ಪ ನಿಲ್ಲಿಸಿದರು. ಅಡವೀಶ, ಚಾಚಾ ತಿರುಗಿ ಬಂದನೇ ಎಂದು ಕೇಳಿದ. ಕತೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು, ಆದರೆ ಕೇಳಿದೆಯಾದ್ದರಿಂದ ಹೇಳಬೇಕು ಎಂದು ಗುರುಗಳು ಮುಂದುವರಿಸಿದರು.

ಚಾಲಕ ಆ ಟೈರ್ ಅಂಗಡಿ ಹುಡುಕಿಕೊಂಡು ಹೋದ. ಹಾಡು ಹಾಕಿರಲಿಲ್ಲ. ಚಾಚಾ ಕೂತು ಟ್ಯೂಬಿಗೆ ತೇಪೆ ಹಚ್ಚುತ್ತಿದ್ದ. ಚಾಲಕನನ್ನು ಕಂಡು ಸಿಟ್ಟು ಮಾಡಲಿಲ್ಲ. ಕೂರಿಸಿದ, ಚಹಾ ತರಿಸಿದ. ಲಾರಿಯ ಆರೋಗ್ಯವನ್ನು ಒಬ್ಬ ನೆಂಟನ ಆರೋಗ್ಯ ವಿಚಾರಿಸಿದಂತೆ ವಿಚಾರಿಸಿದ. ಚಾಲಕ ತಪ್ಪಾಯಿತು ಎಂದ. ಹಾಡಿನ ಪೆಟ್ಟಿಗೆ ಕಿತ್ತುಹಾಕುತ್ತೇನೆ, ಬಾ ಎಂದ. ಚಾಚಾ ಮೊಣಕಾಲು ಮುಟ್ಟಿ ತೋರಿಸಿದ. ಗಿರಣಿಯ ಅಂಗಳದಲ್ಲಿ ಬಿದ್ದಾಗ ಅದು ತಿರುಚಿತ್ತು. ಅಂದು ಚಾಲಕ ಅಂಗೈಯನ್ನು ಮಾತ್ರ ನೋಡಿದ್ದ. ಈಗ ಆ ಕಾಲಿನಲ್ಲಿ ಕ್ಯಾಬಿನ್ ಹತ್ತಲು ಆಗುವುದಿಲ್ಲ. ಹಾಡು ಕಿತ್ತುಹಾಕಬೇಡ, ಒಬ್ಬನೇ ಓಡಿಸುವವನಿಗೆ ಬೇಕಾಗುತ್ತದೆ ಎಂದ ಚಾಚಾ.

ಚಾಲಕ ಎದ್ದು ಹೋಗಿ ಲಾರಿ ಹತ್ತಿದ. ಅಂಗಡಿಯ ಎದುರಿನ ಜಾಗ ಕಿರಿದು. ಹಿಂದಕ್ಕೆ ತೆಗೆದು ರಸ್ತೆಗೆ ಇಳಿಸಬೇಕು. ರೂಢಿಯಂತೆ ಇಳಿದು ನೋಡಲು ಬಾಗಿಲಿಗೆ ಕೈ ಹಾಕಿದ. ಅಷ್ಟರಲ್ಲಿ ಚಾಚಾ ಕುಂಟುತ್ತ ಎಡಕ್ಕೆ ಬಂದು ನಿಂತಿದ್ದ. ಹಿಂದೆ ನೋಡಿದ, ಮುಂದೆ ನೋಡಿದ. ಅಂಗೈಯಿಂದ ಎರಡು ಪೆಟ್ಟು ಹೊಡೆದ.

ಅದು ಚಾಲಕನ ಬೆನ್ನಿಗೆ ತಾಗಿತು. ಅವನು ಹುಡುಕುತ್ತಿದ್ದ ಸದ್ದು ಅದೇ. ಅದರ ಅರ್ಥ ಅವನಿಗೆ ಗೊತ್ತಿತ್ತು. ಲಾರಿ ರಸ್ತೆಗೆ ಇಳಿಯಿತು. ಅಂಗಡಿ ಹಿಂದೆ ಉಳಿಯಿತು. ಮುಂದಿನ ಊರು ಬರುವವರೆಗೂ ಅವನು ಎಡಗಡೆಯ ಸೀಟಿನತ್ತ ತಿರುಗಲಿಲ್ಲ.

ಗುರುಗಳ ಕತೆ ಮುಗಿಯಿತು. ಹೆದ್ದಾರಿಯೂ ಆ ಹೊತ್ತಿಗೆ ಸುಮ್ಮನಿತ್ತು. ಅಡವೀಶ ಗುರುಗಳ ಹತ್ತಿರಕ್ಕೆ ಸರಿದು ಕೂತ. ಆಮೇಲೆ, ಚಾಲಕ ಆ ಪೆಟ್ಟು ನಿಂತ ದಿನವೇ ಅದನ್ನು ಅರಿತಿದ್ದರೆ ಎಷ್ಟು ಚೆನ್ನಾಗಿತ್ತು ಬುದ್ಧಿ, ಇಷ್ಟು ತಡವಾಗಿ ಯಾಕೆ ತಿಳಿಯಿತು ಅವನಿಗೆ ಎಂದು ಮರುಗಿದ.

ಗುರುಗಳು ಅವನ ಮುಖ ನೋಡಿ ಕೇಳಿದರು:

"ಕೊಟ್ರಜ್ಜ ನಿನ್ನ ಬಾಗಿಲು ತಟ್ಟುವುದನ್ನು ಬಿಟ್ಟದ್ದು ಯಾವತ್ತು, ಅಡವೀಶ?"