ಅಪ್ಪ ಹೇಳಿಕೊಟ್ಟ ನಿಲುವು

“ಗುರುಗಳೇ, ಎಷ್ಟೋ ವರ್ಷದಿಂದ ತಮ್ಮ ಬಳಿಗೆ ಬರುತ್ತಿದ್ದೇನೆ. ಉಳಿದವರನ್ನೆಲ್ಲ ತಿದ್ದುತ್ತೀರಿ, ಬೈಯುತ್ತೀರಿ. ನನ್ನಲ್ಲಿ ಮಾತ್ರ ಒಂದು ತಪ್ಪನ್ನೂ ಎತ್ತಿ ತೋರಿಸಿಲ್ಲ. ಅಂದರೆ ನಾನು ಸರಿಯಾಗಿದ್ದೇನೆ ಎಂದು ತಿಳಿಯಲೇ?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. “ಅವಸರ ಬೇಡ. ಮೊದಲು ಒಂದು ಕತೆ ಕೇಳು,” ಎಂದು ಶುರುಮಾಡಿದರು.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವನಿಗೆ ಒಬ್ಬಳೇ ಮಗಳು, ಹನ್ನೆರಡು ತುಂಬಿದವಳು. ಅವಳಿಗೆ ಎಣ್ಣೆ ಹಚ್ಚುವಾಗ ಬೆನ್ನಿನ ಒಂದು ಮಗ್ಗುಲು ಉಬ್ಬಿರುವುದು ತಾಯಿಯ ಕಣ್ಣಿಗೆ ಬಿತ್ತು. ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿದರು. “ಬೆನ್ನುಮೂಳೆ ಸ್ವಲ್ಪ ಪಕ್ಕಕ್ಕೆ ಬಾಗಿದೆ. ಹುಡುಗಿ ಬೆಳೆಯುವಷ್ಟು ಕಾಲ ಆರು ತಿಂಗಳಿಗೊಮ್ಮೆ ಹೀಗೆ ತೆಗೆದು ನೋಡುತ್ತಿರಬೇಕು. ಬಾಗು ಹೆಚ್ಚಿದರೆ ಬೆನ್ನಿಗೆ ಬೆಲ್ಟ್ ಹಾಕೋಣ. ಬೆಳವಣಿಗೆ ನಿಂತ ಮೇಲೆ ಹಾಕಿ ಪ್ರಯೋಜನವಿಲ್ಲ,” ಎಂದರು.

ವ್ಯಾಪಾರಿಯ ಕಿವಿಗೆ ಬಿದ್ದದ್ದು ಬೆಲ್ಟ್ ಎಂಬ ಒಂದೇ ಮಾತು. ಹಗಲೂ ರಾತ್ರಿಯೂ ಬೆಲ್ಟ್ ಕಟ್ಟಿಕೊಂಡ ಹುಡುಗಿಯನ್ನು ನೆಂಟರು ನೋಡಿದರೆ ಏನಂದಾರು? ನಾಳೆ ಇವಳಿಗೆ ಗಂಡು ಸಿಗುವುದು ಹೇಗೆ? ಅವನಿಗೆ ನಾಚಿಕೆಯಾಯಿತು. ಮಗಳ ಮೂಳೆ ಬಾಗಿದರೆ ಅಪ್ಪನಿಗೆ ನಾಚಿಕೆ! ಬಟ್ಟೆಯ ಥಾನಿನಲ್ಲಿ ಕಲೆಯಿದ್ದರೆ ಒಳಗೆ ಮಡಿಸಿ, ಒಳ್ಳೆಯ ಮಗ್ಗುಲು ತೋರಿಸಿ ರೂಢಿಯಾದ ಕೈ ಅವನದು. ಅಂಗಡಿಯ ನಿಲುವುಗನ್ನಡಿಯ ಮುಂದೆ ಮಗಳನ್ನು ನಿಲ್ಲಿಸಿದ.

“ಈ ಭುಜ ಎತ್ತು. ಸೊಂಟ ಈ ಕಡೆ ತಾ. ಉಸಿರು ಬಿಗಿ ಹಿಡ್ಕೋ. ಹಾಂ, ಆಸ್ಪತ್ರೇಲೂ ಹಿಂಗೇ ನಿಲ್ಬೇಕು.”

ಹುಡುಗಿ ಜಾಣೆ. ಎಕ್ಸ್‌ರೇ ತೆಗೆಯುವಾಗ ಹಾಗೆಯೇ ನಿಂತಳು. ಬಾಗು ಹೆಚ್ಚಿಲ್ಲ ಎಂದರು ಡಾಕ್ಟರು. ಮಗಳು ಪರೀಕ್ಷೆಯಲ್ಲಿ ಪಾಸಾದಳೆಂಬಂತೆ ವ್ಯಾಪಾರಿ ಪೇಡೆ ಕೊಡಿಸಿದ. ಮುಂದಿನ ಸಲವೂ ಹಾಗೆಯೇ ಆಯಿತು, ಅದರ ಮುಂದಿನ ಸಲವೂ. ಈ ನಡುವೆ ಅವಳ ಅಂಗಿ ಒಂದೇ ಕಡೆ ಬಿಗಿಯಾಗತೊಡಗಿತ್ತು. ಹೆಂಡತಿ ತೋರಿಸಿದಾಗ ವ್ಯಾಪಾರಿ ದರ್ಜಿಯನ್ನು ಬೈದ.

ಮತ್ತೊಮ್ಮೆ ಆಸ್ಪತ್ರೆಗೆ ಹೋದಾಗ ಹುಡುಗಿ ಸೋತಿದ್ದಳು. ಹಾಗೆ ನಿಂತರೆ ಈಗ ಅವಳಿಗೆ ನೋವಾಗುತ್ತಿತ್ತು. ಅಪ್ಪನ ಎದುರೇ ಕೇಳಿದಳು: “ಡಾಕ್ಟ್ರೇ, ಇವತ್ತು ನಾನು ಇರೋ ಹಾಗೆ ನಿಲ್ಲಲಾ, ಅಪ್ಪ ಹೇಳಿಕೊಟ್ಟ ಹಾಗೆ ನಿಲ್ಲಲಾ?”

ಡಾಕ್ಟರು ವ್ಯಾಪಾರಿಯ ಮುಖ ನೋಡಿದರು. ಅವನು ನೆಲ ನೋಡಿದ.

ಅಂದಿನ ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಇದ್ದದ್ದು ಇದ್ದ ಹಾಗೆಯೇ ಕಂಡಿತು. ಬಾಗು ಬಹಳ ಹೆಚ್ಚಿತ್ತು. ಬೆಳವಣಿಗೆ ಮುಗಿಯುತ್ತ ಬಂದಿತ್ತು. ಬೆಲ್ಟ್ ಹಾಕುವ ಕಾಲ ದಾಟಿಹೋಗಿತ್ತು. ಇನ್ನು ಆಪರೇಷನ್ ಒಂದೇ ದಾರಿ ಎಂದರು. ಅವರು ನಾಲ್ಕು ಮಾತು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ಅವರು ಬೈಯಲಿಲ್ಲ. ಹೊರಗೆ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕುಳಿತ. ಮಗಳು ಪಕ್ಕದಲ್ಲಿ ಬಂದು ಕುಳಿತು ಅವನ ಕೈ ಹಿಡಿದಳು.

“ಅಳಬೇಡಪ್ಪ. ಮೊದ್ಲೆಲ್ಲ ಚೆನ್ನಾಗೇ ನಿಂತಿದ್ನಲ್ಲ. ಇವತ್ತೊಂದಿನ ಆಗ್ಲಿಲ್ಲ.”

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವನಿಗೆ.

ಗುರುಗಳು ಕತೆ ನಿಲ್ಲಿಸಿದರು.

“ಪಾಪ, ಆ ಡಾಕ್ಟರಾದರೂ ಏನು ಮಾಡಿಯಾರು? ಎದುರಿಗೆ ನಿಂತದ್ದನ್ನು ತಾನೇ ಅವರು ನೋಡಬೇಕು?” ಎಂದ ಶಿಷ್ಯ, ಇನ್ನಷ್ಟು ವಿನಯದಿಂದ ಕೈಮುಗಿದುಕೊಂಡು.

“ನಾನೂ ಅಷ್ಟೇನಪ್ಪ,” ಎಂದರು ಗುರುಗಳು, “ನೀನು ಉಸಿರು ಬಿಗಿಹಿಡಿದು ನಿಂತದ್ದನ್ನು ಮಾತ್ರ ನೋಡಿದ್ದೇನೆ.”